ಅರ್ಧ ಕಿಲೋ ಆರ್‌2ಎ ಅಗರ್ ಮತ್ತು ಓಸಿಯಾಂ ದಿಬ್ಬದ ಮರಳು

ಮರುಭೂಮಿಯ ಮರಳಿನ ಬ್ಯಾಕ್ಟೀರಿಯಾ ಬೆಳೆಸಲು ಇಟ್ಟಿದ್ದ ಪ್ಲೇಟನ್ನು ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಾಗ, ಸಾಸಿವೆ ಕಾಳಿಗಿಂತ ಚಿಕ್ಕದಾದ ಒಂದು ಕಪ್ಪು ಚುಕ್ಕೆ ಕಂಡಿತು. ಹಿಂದಿನ ವಾರ ಅದೇ ಜಾಗದಲ್ಲಿ ಮಾಸಲು ಕಿತ್ತಳೆ ಬಣ್ಣದ ಒಂದು ಕಲೆ ಇತ್ತು. ಪ್ಲೇಟಿನ ತಳಕ್ಕೆ ಮಾರ್ಕರ್‌ನಿಂದ ಸುತ್ತು ಹಾಕಿ, ನೋಟ್‌ಬುಕ್ಕಿನಲ್ಲಿ ‘7, ಬಲಗಡೆ, ಕಿತ್ತಳೆ’ ಎಂದು ಬರೆದಿಟ್ಟಿದ್ದೆ. ಈಗ ಅದು ಕಪ್ಪಗಾಗಿತ್ತು. ಲೂಪ್ ಎಂಬ ತಂತಿಯ ಕುಣಿಕೆ ತಾಗಿಸಿದರೆ ಬೆಣ್ಣೆಯಂತೆ ಜಾರಲಿಲ್ಲ, ಒಣಗಿದ ಬೆಲ್ಲದ ಚೂರಿನಂತೆ ಗಟ್ಟಿಯಾಗಿತ್ತು. ಒತ್ತಿದರೆ ಪುಡಿಯಾಯಿತು. ಆಮೇಲೆ ಬ್ಯಾಕ್ಟೀರಿಯಾ ಗುರುತಿಸಲು ಬಳಸುವ 16ಎಸ್ ಜೀನಿನ ಅನುಕ್ರಮ ಓದಿಸಿದಾಗ ಅದು ಜಿಯೋಡರ್ಮಟೋಫಿಲಸ್ ಕುಟುಂಬದ್ದೆಂದು ಗೊತ್ತಾಯಿತು. ಆ ಹೆಸರಿನ ಅರ್ಥವೇ ‘ಭೂಮಿಯ ಚರ್ಮವನ್ನು ಪ್ರೀತಿಸುವುದು’ ಎಂದು. ಅಮೆರಿಕದ ಅಮರ್ಗೋಸಾ ಮರುಭೂಮಿಯ ಮಣ್ಣಿನಿಂದ ಪ್ರತ್ಯೇಕಿಸಿದ ಬ್ಯಾಕ್ಟೀರಿಯಾಕ್ಕೆ 1968ರಲ್ಲಿ ಇಟ್ಟ ಹೆಸರು ಅದು. ನನ್ನದು ರಾಜಸ್ಥಾನದ ಓಸಿಯಾಂ ದಿಬ್ಬದಿಂದ ಬಂದದ್ದು.

ಆ ಚುಕ್ಕೆ ಬೆಳೆಯಲು ಜಾಗ ಕೊಟ್ಟ ಸಾಮಗ್ರಿಯ ಬಗ್ಗೆ ಈ ವಿಮರ್ಶೆ. ಸಾಮಗ್ರಿ ಆರ್‌2ಎ ಅಗರ್, ಬ್ಯಾಕ್ಟೀರಿಯಾ ಬೆಳೆಸುವ ಮಾಧ್ಯಮದ ಸಿದ್ಧ ಪುಡಿ, 500 ಗ್ರಾಂ ಡಬ್ಬಿ. ಎರಡು ವರ್ಷ ಜೋಧಪುರದ ಒಂದು ಪ್ರಯೋಗಾಲಯದಲ್ಲಿ ಪ್ರಾಜೆಕ್ಟ್ ಸಹಾಯಕಿಯಾಗಿದ್ದಾಗ ದಿನವೂ ಬಳಸಿದ್ದೇನೆ. ಈಗ ಬಳ್ಳಾರಿಯ ಪದವಿ ಕಾಲೇಜೊಂದರಲ್ಲಿ ಸೂಕ್ಷ್ಮಜೀವಶಾಸ್ತ್ರ ಕಲಿಸುತ್ತಿರುವಾಗಲೂ ಆಗಾಗ ಬಳಸುತ್ತೇನೆ. ಮೂರು ಡಬ್ಬಿ ಮುಗಿಸಿದ್ದೇನೆ, ಎರಡು ಬೇರೆ ಬೇರೆ ತಯಾರಕರದ್ದು. ಸೂತ್ರ ಎಲ್ಲರದ್ದೂ ಒಂದೇ ಆದ್ದರಿಂದ ತಯಾರಕರ ಹೆಸರು ಹೇಳುವುದಿಲ್ಲ. ಒಣಭೂಮಿಯ ಮಣ್ಣಿನ ಮೇಲೆ ಕೆಲಸ ಶುರುಮಾಡುತ್ತಿರುವ ನಮ್ಮ ವಿದ್ಯಾರ್ಥಿಗಳು ಯಾವ ಮಾಧ್ಯಮ ಕೊಳ್ಳಬೇಕೆಂದು ಕೇಳುತ್ತಲೇ ಇರುತ್ತಾರೆ. ಕ್ಯಾಟಲಾಗಿನ ಎರಡು ಸಾಲಿನ ವಿವರಣೆ ನೋಡಿ ಕೊಂಡರೆ ಈ ಪುಡಿಯಿಂದ ಅರ್ಧ ಪ್ರಯೋಜನವೂ ಸಿಗುವುದಿಲ್ಲ ಎಂಬ ಕಾರಣಕ್ಕೆ ವಿವರವಾಗಿ ಬರೆಯುತ್ತಿದ್ದೇನೆ.

ನಾನು ಶುರುಮಾಡಿದ್ದು ಸತ್ವ ಹೆಚ್ಚಿರುವ ಮಾಮೂಲಿ ಮಾಧ್ಯಮವಾದ ನ್ಯೂಟ್ರಿಯೆಂಟ್ ಅಗರ್‌ನಿಂದ. ಎಲ್ಲರೂ ಹಾಗೆಯೇ ಶುರುಮಾಡುತ್ತಾರೆ, ಕಾಲೇಜಿನಲ್ಲಿ ಕಲಿತದ್ದು ಅದೇ. ಏಪ್ರಿಲ್ ತಿಂಗಳಲ್ಲಿ ಸೂರ್ಯ ಹುಟ್ಟುವ ಮೊದಲೇ ಜೋಧಪುರದಿಂದ ಹೊರಟು ಓಸಿಯಾಂಗೆ ಹೋಗಿ ಎರಡು ಕಡೆ ಮಣ್ಣು ತೆಗೆದಿದ್ದೆವು. ಒಂದು ಬಯಲು ದಿಬ್ಬದ ಮೇಲಿನ ಐದು ಸೆಂಟಿಮೀಟರ್ ಮರಳು, ಇನ್ನೊಂದು ಖೇಜ್ರಿ ಮರದ ಬುಡದ ಮಣ್ಣು. ಖೇಜ್ರಿ ಎಂದರೆ ನಮ್ಮ ಬನ್ನಿ ಮರವೇ. ಕುಷ್ಟಗಿಯಲ್ಲಿ ದಸರೆಯ ದಿನ ಅದರ ಎಲೆ ಹಂಚಿ ಬೆಳೆದವಳಿಗೆ ಅಲ್ಲಿ, ಸುತ್ತಲೂ ಬರೀ ಮರಳಿರುವ ಕಡೆ ಅದನ್ನು ಕಂಡಾಗ ಊರಿನವರೇ ಎದುರಾದ ಹಾಗಾಯಿತು. ಎಲೆ ಉದುರಿ, ನೆರಳು ಬಿದ್ದು, ಕುರಿಗಳು ಬಂದು ಮಲಗಿ, ಮರದ ಬುಡದ ಮಣ್ಣು ಬಣ್ಣದಲ್ಲೇ ಬೇರೆಯಾಗಿತ್ತು. ಪರೀಕ್ಷೆ ಮಾಡಿದಾಗ ದಿಬ್ಬದ ಮರಳಿನಲ್ಲಿ ಸಾವಯವ ಇಂಗಾಲ ಶೇ 0.12, ಬನ್ನಿಯ ಬುಡದಲ್ಲಿ ಶೇ 0.31. ಎರಡೂ ಬಡ ಮಣ್ಣೇ. ಆದರೆ ಒಂದು ಇನ್ನೊಂದಕ್ಕಿಂತ ಎರಡೂವರೆ ಪಟ್ಟು ಬಡವ.

ನ್ಯೂಟ್ರಿಯೆಂಟ್ ಅಗರ್ ಮೇಲೆ ಈ ಎರಡು ಮಣ್ಣೂ ಒಂದೇ ರೀತಿ ಕಂಡವು. ಎರಡನೆಯ ದಿನ ಕೆನೆ ಬಣ್ಣದ ಕಾಲೊನಿಗಳು (ಕಣ್ಣಿಗೆ ಕಾಣುವಷ್ಟು ಬೆಳೆದ ಬ್ಯಾಕ್ಟೀರಿಯಾ ಗುಂಪುಗಳು), ಮೂರನೆಯ ದಿನ ಅವುಗಳಲ್ಲಿ ಒಂದೆರಡು ಕಸೂತಿ ಹಾಕಿದ ಬಟ್ಟೆಯಂತೆ ಪ್ಲೇಟಿನ ಅರ್ಧ ಭಾಗಕ್ಕೆ ಹರಡಿದವು, ಐದನೆಯ ದಿನ ಮುಚ್ಚಳ ತೆರೆದರೆ ವಾಸನೆ. ಹದಿನಾಲ್ಕು ಕಾಲೊನಿ ಪ್ರತ್ಯೇಕಿಸಿದರೆ ಹನ್ನೊಂದು ಬ್ಯಾಸಿಲಸ್ ಬಳಗದವು. ನಾನು ಮೂರು ತಿಂಗಳು ಇದನ್ನೇ ಮಾಡಿದೆ. ಮರುಭೂಮಿಯಲ್ಲಿ ಇರುವುದೇ ಇಷ್ಟು ಎಂದು ವರದಿಯ ಕರಡನ್ನೂ ಬರೆದೆ. ಬರೆಯುವಾಗ ಒಂದು ವಿಷಯ ಮನಸ್ಸನ್ನು ಕೊರೆಯುತ್ತಿತ್ತು. ಬನ್ನಿಯ ಬುಡಕ್ಕೂ ಬಯಲು ದಿಬ್ಬಕ್ಕೂ ಕಣ್ಣಿಗೇ ಕಾಣುವಷ್ಟು ವ್ಯತ್ಯಾಸವಿರುವಾಗ ಪ್ಲೇಟಿನಲ್ಲಿ ಅದು ಏಕೆ ಕಾಣುತ್ತಿಲ್ಲ?

ಉತ್ತರ ಸರಳ. ಸತ್ವ ಹೆಚ್ಚಿರುವ ಮಾಧ್ಯಮದಲ್ಲಿ ಎಲ್ಲ ಮಣ್ಣೂ ಒಂದೇ ರೀತಿ ಕಾಣುತ್ತದೆ, ಏಕೆಂದರೆ ಎಲ್ಲ ಮಣ್ಣಿನಲ್ಲೂ ಬೇಗ ತಿಂದು ಬೇಗ ಹರಡುವ ಕೆಲವು ಬ್ಯಾಕ್ಟೀರಿಯಾಗಳಿರುತ್ತವೆ. ಪ್ಲೇಟ್ ಅವುಗಳ ಪಾಲಾಗುತ್ತದೆ. ಮಿಕ್ಕವು ಹುಟ್ಟುವ ಮೊದಲೇ ಮುಚ್ಚಿಹೋಗುತ್ತವೆ.

ಈಗ ಡಬ್ಬಿಯ ಒಳಗೇನಿದೆ ನೋಡೋಣ. ಆರ್‌2ಎ ಸೂತ್ರವನ್ನು ಪ್ರಕಟಿಸಿದವರು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ರೀಸನರ್ ಮತ್ತು ಗೆಲ್ಡ್‌ರೈಕ್, 1985ರಲ್ಲಿ. ಅವರ ಉದ್ದೇಶ ಕುಡಿಯುವ ನೀರಿನ ಪರೀಕ್ಷೆ. ನಲ್ಲಿಯ ನೀರಿನಲ್ಲಿ ಹಸಿವೆ ಮತ್ತು ಕ್ಲೋರಿನ್ ಎರಡನ್ನೂ ತಡೆದುಕೊಂಡು ಉಳಿದ ಬ್ಯಾಕ್ಟೀರಿಯಾಗಳು ಮಾಮೂಲಿ ಮಾಧ್ಯಮದಲ್ಲಿ ಬೆಳೆಯುತ್ತಿರಲಿಲ್ಲ, ಅವುಗಳಿಗಾಗಿ ಇದನ್ನು ಮಾಡಿದರು. ಒಂದು ಲೀಟರಿಗೆ ಯೀಸ್ಟ್ ಸಾರ, ಪ್ರೋಟಿಯೋಸ್ ಪೆಪ್ಟೋನ್, ಕೇಸಮಿನೋ ಆಮ್ಲಗಳು, ಗ್ಲೂಕೋಸ್, ಕರಗುವ ಪಿಷ್ಟ, ಈ ಐದೂ ತಲಾ ಅರ್ಧ ಗ್ರಾಂ. ಸೋಡಿಯಂ ಪೈರುವೇಟ್ 0.3 ಗ್ರಾಂ, ಡೈಪೊಟ್ಯಾಸಿಯಂ ಫಾಸ್ಫೇಟ್ 0.3 ಗ್ರಾಂ, ಮೆಗ್ನೀಸಿಯಂ ಸಲ್ಫೇಟ್ 0.05 ಗ್ರಾಂ, ಅಗರ್ 15 ಗ್ರಾಂ. ಪಿಎಚ್ 7.2. ಅಗರ್ ಬಿಟ್ಟರೆ ಆಹಾರ ಮತ್ತು ಲವಣ ಸೇರಿ ಮೂರು ಗ್ರಾಂ ಚಿಲ್ಲರೆ ಅಷ್ಟೇ. ನಮ್ಮ ಮಾಮೂಲಿ ನ್ಯೂಟ್ರಿಯೆಂಟ್ ಅಗರ್‌ನಲ್ಲಿ ಪೆಪ್ಟೋನ್ ಮತ್ತು ಸಾರಗಳೇ ಎಂಟು ಗ್ರಾಂ, ಮೇಲೆ ಐದು ಗ್ರಾಂ ಉಪ್ಪು. ಇನ್ನೂ ಸತ್ವ ಹೆಚ್ಚಿರುವ ಟ್ರಿಪ್ಟಿಕ್ ಸೋಯ್ ಅಗರ್‌ನಲ್ಲಿ ಪೆಪ್ಟೋನ್ ಇಪ್ಪತ್ತು ಗ್ರಾಂ.

ಹಾಗಾಗಿ ಆರ್‌2ಎ ತೆಳು ಮಾಧ್ಯಮ. ಈ ತೆಳುತನದಲ್ಲಿ ಒಂದು ಜಾಣತನವಿದೆ. ಅರ್ಧರ್ಧ ಗ್ರಾಂ ಐದು ಬಗೆಯ ಆಹಾರ ಇರುವುದರಿಂದ ಯಾವ ಒಂದೂ ಅತಿಯಾಗುವುದಿಲ್ಲ. ಪಿಷ್ಟ ಒಡೆಯಬಲ್ಲದ್ದು ಪಿಷ್ಟ ತಿನ್ನುತ್ತದೆ, ಅಮೈನೋ ಆಮ್ಲ ಬೇಕಾದದ್ದು ಅದನ್ನು ತೆಗೆದುಕೊಳ್ಳುತ್ತದೆ. ಇನ್ನು ಪೈರುವೇಟ್. ಅದು ಬರೀ ಆಹಾರವಲ್ಲ, ಹೈಡ್ರೋಜನ್ ಪೆರಾಕ್ಸೈಡನ್ನು ನಾಶಮಾಡುತ್ತದೆ. ಸೊರಗಿದ ಜೀವಕೋಶಗಳಿಗೆ ಪೆರಾಕ್ಸೈಡ್ ಎಷ್ಟು ಅಪಾಯಕಾರಿ ಎಂಬುದಕ್ಕೆ ಮುಂದೆ ಬರುತ್ತೇನೆ.

ಬಡ ಮಣ್ಣಿನ ಬ್ಯಾಕ್ಟೀರಿಯಾಕ್ಕೆ ಹೆಚ್ಚು ಊಟ ಏಕೆ ಆಗಿಬರುವುದಿಲ್ಲ ಎಂದು ಮೊದಲ ವರ್ಷದ ವಿದ್ಯಾರ್ಥಿಗಳು ಕೇಳಿದಾಗ ನಾನು ನಮ್ಮಜ್ಜಿಯ ಮಾತು ಹೇಳುತ್ತೇನೆ. ಬರದ ವರ್ಷ ಊರಿಗೆ ಹಸಿದು ಬಂದವರಿಗೆ ಅಜ್ಜಿ ಮೊದಲ ದಿನ ರೊಟ್ಟಿ ಕೊಡುತ್ತಿರಲಿಲ್ಲವಂತೆ. ನೀರಾದ ಅಂಬಲಿ, ಅದೂ ಸ್ವಲ್ಪ ಸ್ವಲ್ಪ. ‘ಬತ್ತಿದ ಹೊಟ್ಟೆಗೆ ರೊಟ್ಟಿ ಹಾಕಿದರೆ ಪ್ರಾಣಕ್ಕೇ ಕುತ್ತು’ ಎನ್ನುತ್ತಿದ್ದಳು. ಬ್ಯಾಕ್ಟೀರಿಯಾದಲ್ಲಿ ಇದನ್ನು ಪ್ರಯೋಗದಿಂದ ತೋರಿಸಿದವರು 1960ರ ದಶಕದಲ್ಲಿ ಪೋಸ್ಟ್‌ಗೇಟ್ ಮತ್ತು ಹಂಟರ್. ಒಂದು ಆಹಾರದ ಕೊರತೆಯಿಂದ ಹಸಿದಿದ್ದ ಕೋಶಗಳಿಗೆ ಅದೇ ಆಹಾರವನ್ನು ಮತ್ತೆ ಕೊಟ್ಟಾಗ ಅವು ಚೇತರಿಸಿಕೊಳ್ಳುವ ಬದಲು ಇನ್ನೂ ಬೇಗ ಸತ್ತವು. ಇದಕ್ಕಿಂತ ನೇರವಾದ ಉದಾಹರಣೆ ಸಹಾರಾದ್ದು. ಮೊರಾಕೊ ಮತ್ತು ಟುನೀಶಿಯಾದ ಮರಳಿನಿಂದ ಪ್ರತ್ಯೇಕಿಸಿ 2005ರಲ್ಲಿ ಹೆಸರಿಟ್ಟ ಡೈನೋಕಾಕಸ್ ಡೆಸರ್ಟಿ ಎಂಬ ಬ್ಯಾಕ್ಟೀರಿಯಾ ಭಾರಿ ಪ್ರಮಾಣದ ಗಾಮಾ ವಿಕಿರಣಕ್ಕೂ ಜಗ್ಗಲಿಲ್ಲ. ಆದರೆ ಟ್ರಿಪ್ಟಿಕ್ ಸೋಯ್ ಸಾರದಲ್ಲಿ ಅದು ಬೆಳೆಯಲಿಲ್ಲ. ಅದೇ ಸಾರವನ್ನು ಹತ್ತು ಪಟ್ಟು ತೆಳುಮಾಡಿದಾಗ ಚೆನ್ನಾಗಿ ಬೆಳೆಯಿತು. ವಿಕಿರಣವನ್ನು ಗೆದ್ದ ಜೀವ ಊಟಕ್ಕೆ ಸೋತಿತು. ಈ ವಿಷಯ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಮೂರು ತಿಂಗಳಲ್ಲಿ ಎಷ್ಟು ಜೀವಗಳನ್ನು ನೋಡದೆ ಎಸೆದಿದ್ದೇನೆ ಎಂದೇ ಯೋಚಿಸುತ್ತಿದ್ದೆ.

ಹಾಗೆಂದು ಮರುಭೂಮಿಯ ಬ್ಯಾಕ್ಟೀರಿಯಾಗಳೆಲ್ಲ ಮಿತಾಹಾರಿಗಳು ಎಂದುಕೊಳ್ಳಬಾರದು. ಜೋಧಪುರದಲ್ಲಿ ವರ್ಷದ ಮಳೆ 400 ಮಿಲಿಮೀಟರಿಗಿಂತ ಕಡಿಮೆ, ಅದೂ ಬಹುಪಾಲು ಜುಲೈನಿಂದ ಸೆಪ್ಟೆಂಬರ್ ಒಳಗೆ. ಒಣಗಿದ ಮಣ್ಣಿಗೆ ಮಳೆ ಬಿದ್ದ ಕೂಡಲೇ ಸೂಕ್ಷ್ಮಜೀವಿಗಳ ಉಸಿರಾಟ ಒಮ್ಮೆಲೇ ಏರುತ್ತದೆ, ಕೆಲವು ದಿನಗಳಲ್ಲಿ ಇಳಿದುಬಿಡುತ್ತದೆ. ಇದನ್ನು 1958ರಲ್ಲಿ ವಿವರಿಸಿದ ಬರ್ಚ್ ಅವರ ಹೆಸರಿನಿಂದಲೇ ಕರೆಯುತ್ತಾರೆ. ಆ ಕೆಲವು ದಿನಗಳಿಗಾಗಿಯೇ ಬೀಜಕಣವಾಗಿ ಕಾಯ್ದುಕೊಂಡಿರುವ ಬ್ಯಾಸಿಲಸ್‌ನಂಥವು ಮರುಭೂಮಿಯ ನಿಜವಾದ ನಿವಾಸಿಗಳೇ. ನ್ಯೂಟ್ರಿಯೆಂಟ್ ಅಗರ್ ಸುಳ್ಳು ಹೇಳಲಿಲ್ಲ. ಮಳೆಯ ಮರುದಿನ ಎದ್ದು ಓಡುವವರನ್ನು ಮಾತ್ರ ತೋರಿಸಿತು. ಉಳಿದ ಹನ್ನೊಂದು ತಿಂಗಳು ಮರಳಿನಲ್ಲಿ ಸಣ್ಣಗೆ ಉಸಿರಾಡಿಕೊಂಡಿರುವವರನ್ನು ನೋಡಲು ಬೇರೆ ತಟ್ಟೆ ಬೇಕು.

ಆರ್‌2ಎ ಬಳಸಿದ ಕ್ರಮ ಹೀಗಿತ್ತು. ಮಣ್ಣನ್ನು ಎರಡು ಮಿಲಿಮೀಟರ್ ಜರಡಿಯಲ್ಲಿ ಸೋಸಿ ಒಂದು ಗ್ರಾಂ ತೂಗಿ ಒಂಬತ್ತು ಮಿಲಿಲೀಟರ್ ಲವಣ ದ್ರಾವಣಕ್ಕೆ ಹಾಕಿ ಅಲುಗಾಡಿಸಿ, ಅಲ್ಲಿಂದ ಹತ್ತು ಹತ್ತು ಪಟ್ಟು ತೆಳುಮಾಡುತ್ತ ಹೋಗಿ, ಸಾವಿರ ಪಟ್ಟಿನ ನಳಿಕೆಯಿಂದ 0.1 ಮಿಲಿಲೀಟರ್ ಪ್ಲೇಟಿಗೆ ಹರಡುವುದು. ಪ್ಲೇಟಿಗೆ ಇಪ್ಪತ್ತು ಮಿಲಿಲೀಟರ್ ಬದಲು ಇಪ್ಪತ್ತೈದು ಸುರಿದೆ. ಜೋಧಪುರದ ಒಣ ಗಾಳಿಯಲ್ಲಿ ತೆಳುವಾಗಿ ಸುರಿದ ಪ್ಲೇಟ್ ಹತ್ತು ದಿನಕ್ಕೆ ಹಪ್ಪಳವಾಗುತ್ತದೆ. ಶಿಲೀಂಧ್ರ ತಡೆಯಲು ಸೈಕ್ಲೋಹೆಕ್ಸಿಮೈಡ್ ಹಾಕಿದೆ. ಅದು ಮನುಷ್ಯರಿಗೂ ವಿಷ, ಕೈಗವಸಿಲ್ಲದೆ ಮುಟ್ಟಬಾರದು.

ಕಾಯುವುದೇ ಕಷ್ಟವಾಗಿತ್ತು. ಐದು ದಿನ ಕಳೆದ ಪ್ಲೇಟುಗಳನ್ನು ಆಟೋಕ್ಲೇವ್ ಮಾಡಿ, ಅಂದರೆ ಒತ್ತಡದ ಹಬೆಯಲ್ಲಿ ಬೇಯಿಸಿ, ಎಸೆಯುವುದು ಆ ಪ್ರಯೋಗಾಲಯದ ನಿಯಮ, ಇನ್‌ಕ್ಯುಬೇಟರಿನಲ್ಲಿ ಜಾಗವಿರಲಿಲ್ಲ. ಅಲ್ಲಿನ ಹಿರಿಯ ತಂತ್ರಜ್ಞರೊಬ್ಬರ ಬಳಿ ಕೇಳಿಕೊಂಡೆ. ಮಾರವಾಡಿ ಬೆರೆತ ಹಿಂದಿಯಲ್ಲಿ ಅವರು, ‘ಬೇಟಿ, ಬಾಜ್ರಾ ಬಿತ್ತಿ ಐದನೇ ದಿನ ಯಾರಾದರೂ ಕೊಯ್ಲಿಗೆ ಹೋಗುತ್ತಾರೆಯೇ?’ ಎಂದು ಕೇಳಿ, ಕೋಲ್ಡ್ ರೂಮಿನ ಪಕ್ಕದ ಕಪಾಟಿನ ಕೆಳಗಿನ ಖಾನೆಯನ್ನು ಖಾಲಿ ಮಾಡಿಸಿಕೊಟ್ಟರು. ಅಲ್ಲಿ ಇಪ್ಪತ್ತೆಂಟು ಡಿಗ್ರಿಯ ಆಸುಪಾಸು ಉಷ್ಣತೆ ನಿಲ್ಲುತ್ತಿತ್ತು. ಅಕ್ಕಿ ಹಾಕುವ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ತಂದು, ಸ್ಪಿರಿಟ್ಟಿನಿಂದ ಒರೆಸಿ, ಮೂಲೆಯಲ್ಲಿ ಒದ್ದೆ ಹತ್ತಿ ಇಟ್ಟು, ಪ್ಲೇಟುಗಳನ್ನು ಪ್ಯಾರಾಫಿಲ್ಮ್ ಸುತ್ತಿ ಬೋರಲಾಗಿ ಜೋಡಿಸಿದೆ. ಜೊತೆಗೆ ಏನೂ ಹರಡದ ಎರಡು ಖಾಲಿ ಪ್ಲೇಟು. ಮೂರು ವಾರ ಇಡುವಾಗ ಹೊರಗಿನಿಂದ ಏನಾದರೂ ಸೇರಿಕೊಂಡರೆ ಖಾಲಿ ಪ್ಲೇಟಿನಲ್ಲಿ ಗೊತ್ತಾಗುತ್ತದೆ. ಇದನ್ನು ಯಾರೂ ಬಿಡಬಾರದು.

ಎರಡನೆಯ ದಿನ ನ್ಯೂಟ್ರಿಯೆಂಟ್ ಅಗರ್‌ನಲ್ಲಿ ಕಂಡಿದ್ದ ಅದೇ ಕೆನೆ ಬಣ್ಣದವು ಬಂದವು, ಆದರೆ ಕಾಳಿನಷ್ಟೇ ಬೆಳೆದು ನಿಂತವು, ಹರಡಲಿಲ್ಲ. ಆರ್‌2ಎಯ ಮೊದಲ ಉಪಕಾರ ಅದು. ಊಟ ಕಡಿಮೆಯಿದ್ದಾಗ ಓಡುವವರ ಓಟ ನಿಲ್ಲುತ್ತದೆ, ಪಕ್ಕದಲ್ಲಿ ಜಾಗ ಉಳಿಯುತ್ತದೆ. ಐದನೆಯ ದಿನ ಗುಲಾಬಿ, ಹಳದಿ. ಒಂಬತ್ತನೆಯ ದಿನ ಸುಣ್ಣದ ಪುಡಿ ಉದುರಿಸಿದಂಥ ಸ್ಟ್ರೆಪ್ಟೋಮೈಸಿಸ್, ಮುಚ್ಚಳ ತೆಗೆದಾಗ ಮೊದಲ ಮಳೆಯ ಮಣ್ಣಿನ ವಾಸನೆ. ಆ ವಾಸನೆಯ ಜಿಯೋಸ್ಮಿನ್ ತಯಾರಿಸುವುದು ಈ ಜೀವಿಗಳೇ. ಹದಿನಾಲ್ಕನೆಯ ದಿನ ಇಟ್ಟಿಗೆ ಕೆಂಪಿನ ಪುಟ್ಟ ಬೊಟ್ಟುಗಳು. ಹತ್ತೊಂಬತ್ತನೆಯ ದಿನ ಕಪ್ಪು. ದಿಬ್ಬದ ಮರಳಿನ ಒಂದು ಪ್ಲೇಟಿನ ಲೆಕ್ಕ ನೋಟ್‌ಬುಕ್ಕಿನಲ್ಲಿ ಹೀಗಿದೆ: ನ್ಯೂಟ್ರಿಯೆಂಟ್ ಅಗರ್ ಐದನೆಯ ದಿನ 38, ಆರ್‌2ಎ ಐದನೆಯ ದಿನ 52, ಇಪ್ಪತ್ತೊಂದನೆಯ ದಿನ 131. ಗ್ರಾಂ ಮಣ್ಣಿಗೆ ಲೆಕ್ಕ ಹಾಕಿದರೆ 3.8 ಲಕ್ಷದಿಂದ 13 ಲಕ್ಷಕ್ಕೆ ಏರಿದ ಹಾಗೆ. ಇದರಲ್ಲಿ ಮಾಧ್ಯಮದ ಪಾಲಿಗಿಂತ ಕಾದಿದ್ದರ ಪಾಲೇ ಹೆಚ್ಚು ಎಂಬುದನ್ನು ಗಮನಿಸಿ. ಆರ್‌2ಎ ಕೊಂಡು ಐದೇ ದಿನಕ್ಕೆ ಎಣಿಸಿ ಎಸೆಯುವವರು ದುಡ್ಡನ್ನು ನೀರಿಗೆ ಹಾಕಿದಂತೆ. ಡಬ್ಬಿಯ ಮೇಲಿನ ಸೂಚನೆ ಐದರಿಂದ ಏಳು ದಿನ ಎನ್ನುತ್ತದೆ, ಅದು ನೀರಿನ ಪರೀಕ್ಷೆಯ ಲೆಕ್ಕ. ಮರಳಿಗೆ ಕನಿಷ್ಠ ಮೂರು ವಾರ ಕೊಡಿ.

ನನಗೆ ಎಣಿಕೆಗಿಂತ ಮುಖ್ಯವಾದದ್ದು ಇನ್ನೊಂದು. ಈ ಸಲ ಬನ್ನಿಯ ಬುಡದ ಪ್ಲೇಟೂ ದಿಬ್ಬದ ಪ್ಲೇಟೂ ಬೇರೆ ಬೇರೆಯಾಗಿ ಕಂಡವು. ಬನ್ನಿಯ ಬುಡದ್ದು ಬಿಳಿ, ಕೆನೆ, ಬೂದು, ಬಹುಪಾಲು ಮೊದಲ ವಾರದಲ್ಲೇ ಬಂದವು. ದಿಬ್ಬದ್ದು ಕೆಂಪು, ಕಿತ್ತಳೆ, ಕಪ್ಪು, ತಡವಾಗಿ ಬಂದವು. ಬಯಲಿನಲ್ಲಿ ಬಿಸಿಲಿಗೆ ಮೈಯೊಡ್ಡಿರುವ ಜೀವಿಗಳಲ್ಲಿ ವರ್ಣದ್ರವ್ಯ ಹೆಚ್ಚಿರುವುದು ಸಹಜ, ಅದು ಅತಿನೇರಳೆ ಕಿರಣದಿಂದ ಕಾಪಾಡುತ್ತದೆ. ಪ್ಲೇಟುಗಳ ಮೇಲಿನ ಚೀಟಿ ಕಿತ್ತುಹಾಕಿದರೂ ಯಾವುದು ಯಾವ ಮಣ್ಣೆಂದು ಬಾಗಿಲಲ್ಲಿ ನಿಂತೇ ಹೇಳಬಹುದಿತ್ತು. ಒಂದು ಮಾಧ್ಯಮದಿಂದ ನಾನು ಬಯಸುವುದು ಇದನ್ನೇ.

ಈಗ ದೋಷಗಳು. ಮುಖ್ಯವಾದದ್ದು ಸೂತ್ರದ್ದಲ್ಲ, ‘ಸಿದ್ಧ ಪುಡಿ’ ಎಂಬ ಅನುಕೂಲದ್ದೇ. ಅಗರ್ ಮತ್ತು ಫಾಸ್ಫೇಟನ್ನು ಒಟ್ಟಿಗೆ ಆಟೋಕ್ಲೇವ್ ಮಾಡಿದಾಗ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ, ಅದರಿಂದ ಕಾಲೊನಿಗಳ ಸಂಖ್ಯೆ ಇಳಿಯುತ್ತದೆ ಎಂದು ಜಪಾನಿನ ಸಂಶೋಧಕರು 2014ರಲ್ಲಿ ತೋರಿಸಿದರು. ಎರಡನ್ನೂ ಬೇರೆ ಬೇರೆ ಆಟೋಕ್ಲೇವ್ ಮಾಡಿ, ಸುರಿಯುವ ಮೊದಲು ಬೆರೆಸಿದರೆ ಈ ತೊಂದರೆ ತಪ್ಪುತ್ತದೆ. ಡಬ್ಬಿಯ ಪುಡಿಯಲ್ಲಿ ಎರಡೂ ಮೊದಲೇ ಬೆರೆತಿವೆ, ಬೇರ್ಪಡಿಸುವ ದಾರಿಯಿಲ್ಲ. ಪೈರುವೇಟ್ ಸ್ವಲ್ಪ ಮಟ್ಟಿಗೆ ಕಾಪಾಡುತ್ತದೆ, ಪೂರ್ತಿ ಅಲ್ಲ. ಹೀಗಾಗಿ ಎರಡನೆಯ ವರ್ಷ ನಾನು ಅದೇ ಸೂತ್ರವನ್ನು ಬಿಡಿ ಸಾಮಗ್ರಿಗಳಿಂದ ಕೈಯಾರೆ ಮಾಡತೊಡಗಿದೆ. ಒಂದು ಫ್ಲಾಸ್ಕಿನಲ್ಲಿ ಫಾಸ್ಫೇಟ್ ಮತ್ತು ಆಹಾರ, ಇನ್ನೊಂದರಲ್ಲಿ ಅಗರ್ ಮತ್ತು ನೀರು. ಎರಡೂ ಐವತ್ತು ಡಿಗ್ರಿಯ ಸುಮಾರಿಗೆ ಇಳಿದಾಗ, ಫ್ಲಾಸ್ಕನ್ನು ಬರಿಗೈಯಲ್ಲಿ ಒಂದೆರಡು ಕ್ಷಣ ಹಿಡಿಯಲು ಆಗುವಷ್ಟು ಬಿಸಿಯಿರುವಾಗ, ಒಂದಕ್ಕೊಂದು ಸುರಿದು ನಿಧಾನವಾಗಿ ತಿರುಗಿಸುವುದು. ತಡಮಾಡಿದರೆ ಅಗರ್ ಗಂಟು ಕಟ್ಟುತ್ತದೆ. ಮೊದಲ ಸಲ ನನ್ನದೂ ಗಂಟಾಯಿತು. ಕೈಗೆ ಬಂದ ಮೇಲೆ ದಿಬ್ಬದ ಮರಳಿನ ಕಾಲೊನಿಗಳು ಪ್ರತಿ ಸಲವೂ ಡಬ್ಬಿಯ ಪುಡಿಗಿಂತ ಹೆಚ್ಚು ಬಂದವು, ಕೆಂಪು ಬಣ್ಣದವು ಒಂದೆರಡು ದಿನ ಮೊದಲೇ ಕಂಡವು. ಬನ್ನಿಯ ಬುಡದ ಮಣ್ಣಿನಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ.

ಎರಡನೆಯ ದೋಷ, ದಿಬ್ಬದ ಮರಳಿಗೆ ಆರ್‌2ಎ ಕೂಡ ಭಾರಿ ಊಟವೇ. ನಲ್ಲಿ ನೀರಿಗೆ ತೆಳು ಎನಿಸಿದ್ದು ಎಲ್ಲ ಕಡೆಯೂ ತೆಳುವಲ್ಲ. ಆಸ್ಟ್ರೇಲಿಯಾದಲ್ಲಿ ಜಾನ್ಸೆನ್ ಮತ್ತು ಸಂಗಡಿಗರು ಹುಲ್ಲುಗಾವಲಿನ ಮಣ್ಣಿಗೆ ನ್ಯೂಟ್ರಿಯೆಂಟ್ ಸಾರವನ್ನು ನೂರು ಪಟ್ಟು ತೆಳುಮಾಡಿ, ವಾರಗಟ್ಟಲೆ ಕಾದು, ಅದುವರೆಗೆ ಪ್ಲೇಟಿನಲ್ಲಿ ಸಿಗದೆ ಇದ್ದ ಗುಂಪುಗಳನ್ನು 2002ರ ಹೊತ್ತಿಗೆ ಬೆಳೆಸಿ ತೋರಿಸಿದ್ದರು. ಅದನ್ನು ಓದಿ ನಾನು ಹತ್ತನೇ ಒಂದು ಆರ್‌2ಎ ಮಾಡಿದೆ. ಇಲ್ಲಿ ಹೊಸಬರು ತಪ್ಪದೆ ಎಡವುವ ಒಂದು ಜಾಗವಿದೆ. ಹದಿನೆಂಟು ಗ್ರಾಂ ಪುಡಿಯಲ್ಲಿ ಹದಿನೈದು ಗ್ರಾಂ ಅಗರ್ ಇರುವುದರಿಂದ, ಪುಡಿಯನ್ನು 1.8 ಗ್ರಾಮಿಗೆ ಇಳಿಸಿದರೆ ಅಗರ್ ಒಂದೂವರೆ ಗ್ರಾಮಿಗೆ ಇಳಿಯುತ್ತದೆ, ಪ್ಲೇಟ್ ಗಟ್ಟಿಯಾಗುವುದೇ ಇಲ್ಲ. ಮೇಲೆ ಹದಿಮೂರೂವರೆ ಗ್ರಾಂ ಬರೀ ಅಗರ್ ಸೇರಿಸಬೇಕು. ಅದಕ್ಕೆ ಬೇರೆ ಡಬ್ಬಿ ಕೊಳ್ಳಬೇಕು, ಒಳ್ಳೆಯ ಗುಣಮಟ್ಟದ್ದನ್ನೇ ಕೊಳ್ಳಬೇಕು. ಅಗರ್ ಕಡಲಪಾಚಿಯಿಂದ ತೆಗೆದದ್ದು, ಅಗ್ಗದ್ದರಲ್ಲಿ ಕಲ್ಮಷವಾಗಿಯೇ ಒಂದಷ್ಟು ಆಹಾರ ಉಳಿದಿರುತ್ತದೆ. ಪರೀಕ್ಷಿಸಲೆಂದು ಬರೀ ಅಗರ್ ಮತ್ತು ನೀರಿನ ಪ್ಲೇಟಿಗೂ ಮರಳಿನ ದ್ರಾವಣ ಹರಡಿದ್ದೆ. ಅದರಲ್ಲೂ ಸೂಜಿಮೊನೆಯಂಥ ಕಾಲೊನಿಗಳು ಎದ್ದವು.

ಹತ್ತನೇ ಒಂದು ಆರ್‌2ಎಯಲ್ಲಿ ಬಂದ ಕಾಲೊನಿಗಳು ಬರಿಗಣ್ಣಿಗೆ ಕಾಣುವುದೇ ಕಷ್ಟ. ಕಪ್ಪು ಕಾಗದದ ಮೇಲೆ ಪ್ಲೇಟ್ ಇಟ್ಟು, ಮೊಬೈಲಿನ ಬೆಳಕನ್ನು ಪಕ್ಕದಿಂದ ಬಿಟ್ಟು, ಮಸೂರದಲ್ಲಿ ನೋಡಿದರೆ ಇಬ್ಬನಿಯ ಪುಡಿಯಂತೆ ಮಿನುಗುತ್ತವೆ. ಬಣ್ಣವೂ ಪೂರ್ತಿ ಮೂಡುವುದಿಲ್ಲ, ಹಾಗಾಗಿ ಗುರುತಿಸುವುದು ನಿಧಾನ. ನಾನು ಕಂಡುಕೊಂಡ ದಾರಿಯೆಂದರೆ ಹತ್ತನೇ ಒಂದರಲ್ಲಿ ಹುಟ್ಟಿಸಿ, ಬಳಿಕ ಪೂರ್ಣ ಆರ್‌2ಎಗೆ ಸಬ್‌ಕಲ್ಚರ್ ಮಾಡುವುದು, ಅಂದರೆ ಎತ್ತಿ ಹೊಸ ಪ್ಲೇಟಿಗೆ ಹಚ್ಚುವುದು. ಒಂದು ಸಲ ಚೇತರಿಸಿಕೊಂಡ ಮೇಲೆ ಹೆಚ್ಚಿನವು ಪೂರ್ಣ ಪ್ರಮಾಣವನ್ನು ತಾಳಿಕೊಳ್ಳುತ್ತವೆ. ಕೆಲವು ತಾಳಿಕೊಳ್ಳುವುದಿಲ್ಲ. ಅಂಥ ಆರು ಕಾಲೊನಿಗಳನ್ನು ಕಳೆದುಕೊಂಡಿದ್ದೇನೆ, ಅವುಗಳ ಸಂಖ್ಯೆಗಳು ಇನ್ನೂ ನೆನಪಿವೆ.

ಪಿಎಚ್ ಬಗ್ಗೆ ಒಂದು ಮಾತು. ನಮ್ಮ ಮರಳಿನ ಪಿಎಚ್ 8.3, ಆರ್‌2ಎಯದು 7.2. ಕಾಸ್ಟಿಕ್ ಸೋಡಾ ದ್ರಾವಣದ ಹನಿಗಳಿಂದ 8ಕ್ಕೆ ಏರಿಸಿ ನೋಡಿದೆ. ಮಾಧ್ಯಮ ಕೊಂಚ ಮಬ್ಬಾಯಿತು, ಎಣಿಕೆಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಮಣ್ಣಿನ ಸಾರದ ಅಗರ್ ಕೂಡ ಮಾಡಿದೆ, ಮರಳನ್ನೇ ನೀರಿನೊಂದಿಗೆ ಆಟೋಕ್ಲೇವ್ ಮಾಡಿ ಸೋಸಿ. ಹೊಲದ ಮಣ್ಣಿನಲ್ಲಿ ಚಹಾದ ಬಣ್ಣದ ಸಾರ ಬರುತ್ತದೆ, ದಿಬ್ಬದ ಮರಳಿನಿಂದ ಬಂದದ್ದು ಬರೀ ನೀರಿನ ಬಣ್ಣ. ಶ್ರಮಕ್ಕೆ ತಕ್ಕ ಫಲ ಸಿಗಲಿಲ್ಲ.

ಬೆಲೆಯ ವಿಷಯಕ್ಕೆ ಬಂದರೆ, ಡಬ್ಬಿಗೆ ಡಬ್ಬಿ ಹೋಲಿಸಿದಾಗ ಆರ್‌2ಎ ನ್ಯೂಟ್ರಿಯೆಂಟ್ ಅಗರ್‌ಗಿಂತ ದುಬಾರಿ. ಖರೀದಿ ವಿಭಾಗದವರು ಅಲ್ಲೇ ನಿಂತುಬಿಡುತ್ತಾರೆ. ಅವರಿಗೆ ಈ ಲೆಕ್ಕ ತೋರಿಸಿ. ಲೀಟರಿಗೆ 18.15 ಗ್ರಾಂ ಹಾಕುವುದರಿಂದ 500 ಗ್ರಾಮಿನಲ್ಲಿ 27 ಲೀಟರಿಗೂ ಹೆಚ್ಚು ಮಾಧ್ಯಮ ಆಗುತ್ತದೆ, ದಪ್ಪಗೆ ಸುರಿದರೂ ಸುಮಾರು 1,100 ಪ್ಲೇಟು. ನ್ಯೂಟ್ರಿಯೆಂಟ್ ಅಗರ್ ಲೀಟರಿಗೆ 28 ಗ್ರಾಂ ಬೇಕು, ಅಷ್ಟೇ ತೂಕದಲ್ಲಿ 18 ಲೀಟರೂ ಆಗುವುದಿಲ್ಲ. ಪ್ಲೇಟಿನ ಲೆಕ್ಕದಲ್ಲಿ ನೋಡಿದರೆ ವ್ಯತ್ಯಾಸ ಬಹಳ ತಗ್ಗುತ್ತದೆ.

ಪುಡಿ ತೇವ ಹೀರುತ್ತದೆ. ಜೋಧಪುರದಲ್ಲಿ ಇದು ಗೊತ್ತೇ ಆಗಿರಲಿಲ್ಲ, ಎರಡನೆಯ ಡಬ್ಬಿ ಕೊನೆಯ ಚಮಚದವರೆಗೂ ರವೆಯ ಹಾಗೆ ಸಲೀಸಾಗಿ ಉದುರುತ್ತಿತ್ತು. ಮೂರನೆಯದನ್ನು ಊರಿಗೆ ಮರಳಿದ ಮೇಲೆ ಒಬ್ಬ ಸರಬರಾಜುದಾರರಿಂದ ತರಿಸಿದೆ. ಮಳೆಗಾಲದಲ್ಲಿ ಕರಾವಳಿಯ ಗೋದಾಮಿನಿಂದ ಬಂದ ಡಬ್ಬಿಯ ಒಳಮುದ್ರೆ ಒಂದು ಕಡೆ ಬಿಟ್ಟುಕೊಂಡಿತ್ತು, ಒಳಗೆ ಅರ್ಧ ಭಾಗ ಕಲ್ಲಾಗಿ ಕಂದುಬಣ್ಣಕ್ಕೆ ತಿರುಗಿತ್ತು. ಬದಲಿಸಿಕೊಡಲು ಎರಡು ತಿಂಗಳು ಸತಾಯಿಸಿದರು. ಡಬ್ಬಿ ಕೈಗೆ ಬಂದ ದಿನವೇ ತೆರೆದು ನೋಡಿ, ಮುದ್ರೆ ಸರಿಯಿಲ್ಲದಿದ್ದರೆ ಫೋಟೋ ತೆಗೆದು ಅಂದೇ ಬರೆಯಿರಿ. ಗಟ್ಟಿಯಾದ ಪುಡಿಯನ್ನು ಕುಟ್ಟಿ ಬಳಸಬೇಡಿ, ತೂಕ ಸರಿ ಬರುವುದಿಲ್ಲ, ಬಂದ ಎಣಿಕೆಯನ್ನು ನಂಬುವ ಹಾಗೂ ಇರುವುದಿಲ್ಲ. ಕಡಿಮೆ ಬಳಸುವವರು 100 ಗ್ರಾಮಿನ ಡಬ್ಬಿಯನ್ನೇ ಕೊಳ್ಳಿ.

ಎಲ್ಲರಿಗೂ ಇದು ಬೇಕಿಲ್ಲ. ನಮ್ಮ ಪದವಿ ತರಗತಿಯ ಪ್ರಾಯೋಗಿಕ ಪಾಠ ಸೋಮವಾರ ಹರಡಿ ಬುಧವಾರ ಎಣಿಸುವಂಥದ್ದು, ಅದಕ್ಕೆ ನ್ಯೂಟ್ರಿಯೆಂಟ್ ಅಗರ್ ಸಾಕು, ಚೆನ್ನಾಗಿಯೂ ಇದೆ. ಗೊಬ್ಬರ ಹಾಕಿದ ತೋಟದ ಮಣ್ಣಿಗೂ ಅಷ್ಟೇ. ಒಣಭೂಮಿ, ಬಂಡೆಯ ಮೇಲಿನ ಧೂಳು, ಗಣಿಯ ಪಕ್ಕದ ಬರಡು, ಇಂಥ ಕಡೆಯಿಂದ ಮಣ್ಣು ತಂದವರು ಮಾತ್ರ ಆರ್‌2ಎ ಇಲ್ಲದೆ ಕೆಲಸ ಶುರುಮಾಡಬಾರದು. ಸಾಧ್ಯವಿದ್ದರೆ ಬಿಡಿ ಸಾಮಗ್ರಿಗಳಿಂದ ಮಾಡಿಕೊಳ್ಳಿ, ಫಾಸ್ಫೇಟ್ ಬೇರೆ ಇಡಿ. ಸಾಧ್ಯವಿಲ್ಲದಿದ್ದರೆ ಡಬ್ಬಿಯ ಪುಡಿಯೂ ಒಳ್ಳೆಯದೇ, ಪೂರ್ಣ ಪ್ರಮಾಣದ್ದೂ ಹತ್ತನೇ ಒಂದರದ್ದೂ ಜೊತೆಜೊತೆಗೆ ಹಾಕಿ. ಪ್ಲೇಟಿಗೆ ನೂರರ ಒಳಗೆ ಕಾಲೊನಿ ಬರುವಂತೆ ತೆಳುಮಾಡಿ, ಒತ್ತೊತ್ತಾಗಿ ಬೆಳೆದಲ್ಲಿ ನಿಧಾನಸ್ಥರು ಏಳುವುದಿಲ್ಲ. ಐದು ಅಂಕಕ್ಕೆ ಡಬ್ಬಿಯ ಪುಡಿಗೆ ನಾಲ್ಕು ಕೊಡುತ್ತೇನೆ, ಕೈಯಾರೆ ಮಾಡಿದ್ದಕ್ಕೆ ನಾಲ್ಕೂಮುಕ್ಕಾಲು.

ಕಳೆದ ತಿಂಗಳು ಮೂವರು ವಿದ್ಯಾರ್ಥಿನಿಯರು ಸಂಡೂರಿನ ಗುಡ್ಡದ ಕೆಂಪು ಧೂಳನ್ನು ಹರಡಿದ ಪ್ಲೇಟುಗಳು ನಮ್ಮ ಕಪಾಟಿನಲ್ಲಿವೆ, ಅಕ್ಕಿ ಡಬ್ಬಿಯಲ್ಲೇ. ಐದನೆಯ ದಿನ ಒಬ್ಬಳು ಬಂದು, ‘ಮೇಡಂ, ಏನೂ ಬಂದಿಲ್ಲ, ತೆಗೆದು ತೊಳೆಯಲೇ?’ ಎಂದು ಕೇಳಿದಳು. ತಳದಲ್ಲಿ ದಿನಾಂಕ ಬರೆದು ವಾಪಸ್ ಇಡಿಸಿದೆ. ಇವತ್ತು ಹದಿನೇಳನೆಯ ದಿನ. ಬೆಳಿಗ್ಗೆ ನಾಲ್ಕನೆಯ ಪ್ಲೇಟಿನ ಅಂಚಿನಲ್ಲಿ ಅವಳೇ ಒಂದು ಕಿತ್ತಳೆ ಕಲೆಯನ್ನು ಕಂಡು ಸುತ್ತು ಹಾಕಿದ್ದಾಳೆ.